ದಿಂಬಿಗಿಟ್ಟ ಕಿವಿ

“ನಾನು ಕೇಳಿದ್ದು ಅವರನ್ನು, ನಿಮ್ಮನ್ನಲ್ಲ,” ಎಂದಳು ನರ್ಸು.

ಮೇಷ್ಟರು ಅರ್ಧ ವಾಕ್ಯದಲ್ಲಿದ್ದರು. ಬಾಯಿ ಇನ್ನೂ ತೆರೆದೇ ಇತ್ತು. ಇಪ್ಪತ್ತಾರು ವರ್ಷ ತಮ್ಮೂರ ಕಾಲೇಜಿನಲ್ಲಿ ಈ ಪರಭಾಷೆಯನ್ನು ಪಾಠ ಮಾಡಿದವರನ್ನು, ಆ ಭಾಷೆ ಹುಟ್ಟಿದ ನಾಡಿನಲ್ಲೇ, ಅವರ ವಿದ್ಯಾರ್ಥಿನಿಯರ ವಯಸ್ಸಿನವಳೊಬ್ಬಳು ಮಾತಿನ ಮಧ್ಯೆ ತಡೆದು ನಿಲ್ಲಿಸಿದ್ದಳು.

ಕೋಣೆ ಆರನೇ ಮಹಡಿಯಲ್ಲಿತ್ತು. ಒಂದು ಮಂಚ, ಒಂದು ಕುರ್ಚಿ, ಗೋಡೆ ಗಡಿಯಾರ, ತೆರೆಯಲು ಬಾರದ ಕಿಟಕಿ. ಬೆನ್ನ ಹಿಂದೆ ಗಂಟು ಹಾಕುವ ಆಸ್ಪತ್ರೆಯ ಅಂಗಿ ತೊಟ್ಟು ಹೆಂಡತಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನಾಳೆ ಬೆಳಿಗ್ಗೆ ಏಳಕ್ಕೆ ಅವಳ ಬಲಗಿವಿಯ ಹಿಂದೆ ಬುರುಡೆ ಕೊರೆದು ಒಳಗಿನ ಗಂಟನ್ನು ತೆಗೆಯಬೇಕು. ಅದಕ್ಕೆ ಮುಂಚಿನ ಪ್ರಶ್ನೋತ್ತರ ನಡೆದಿತ್ತು. ವಯಸ್ಸು, ತೂಕ, ಹಿಂದಿನ ಕಾಯಿಲೆ, ಮೈಗೆ ಆಗದ ಔಷಧಿ ಎಂದು ಹದಿನಾಲ್ಕು ಪ್ರಶ್ನೆಗಳಿಗೂ ಮೇಷ್ಟರೇ ಉತ್ತರ ಕೊಟ್ಟಿದ್ದರು. ಒಂದೆರಡಕ್ಕೆ ಹೆಂಡತಿಯ ಕಡೆ ತಿರುಗಿ ಕೇಳಿದ ಹಾಗೆ ಮಾಡಿದ್ದೂ ಉಂಟು. ಹದಿನೈದನೆಯದು ಹೀಗಿತ್ತು: ನಾಳೆ ನಿಮಗೆ ಏನು ಮಾಡುತ್ತಾರೆ, ಆಮೇಲೆ ನೀವು ಹೇಗಿರುತ್ತೀರಿ, ನಿಮ್ಮ ಮಾತಿನಲ್ಲೇ ಹೇಳಿ.

“ಅವಳಿಗೆ ನಿಮ್ಮ ಭಾಷೆ ಬರುವುದಿಲ್ಲ. ನನಗೆ ಬರುತ್ತದೆ,” ಎಂದರು ಮೇಷ್ಟರು.

“ತುಂಬ ಚೆನ್ನಾಗಿ ಬರುತ್ತದೆ. ನಮ್ಮ ಮುತ್ತಜ್ಜ ಹೀಗೇ ಮಾತಾಡುತ್ತಿದ್ದನಂತೆ,” ಎಂದಳು ನರ್ಸು. ವ್ಯಂಗ್ಯವಿರಲಿಲ್ಲ, ಮೆಚ್ಚಿಯೇ ಹೇಳಿದ್ದಳು. ಆಮೇಲೆ ಕಟ್ಟಳೆಯನ್ನು ವಿವರಿಸಿದಳು. ಮಾತುಕತೆಗೆ ನೆಂಟರಾದರೂ ನಡೆಯುತ್ತದೆ, ಒಪ್ಪಿಗೆಗೆ ನಡೆಯುವುದಿಲ್ಲ. ಯಾರ ಮೈಗೆ ಕತ್ತರಿಯೋ ಅವರ ಬಾಯಿಂದಲೇ ಬರಬೇಕು. ಆಸ್ಪತ್ರೆಯ ದುಭಾಷಿ ಫೋನಿನಲ್ಲಿ ಬರುತ್ತಾರೆ, ನೆಂಟರು ಹೊರಗೆ ಕೂರಬೇಕು. ಎಲ್ಲ ತಿಳಿದು ರೋಗಿ ಒಪ್ಪಿದರೆ ಸರ್ಜನ್ ತಮ್ಮ ಕೈಯಿಂದಲೇ ಅವರ ಕಿವಿಯ ಕೆಳಗೆ, ಕತ್ತಿನ ಮೇಲೆ, ನೀಲಿ ಬಾಣದ ಗುರುತು ಹಾಕುತ್ತಾರೆ. ಬಾಣವಿಲ್ಲದೆ ನಾಳೆ ಯಾರೂ ಚಾಕು ಮುಟ್ಟುವುದಿಲ್ಲ. ನರ್ಸಿನ ತಟ್ಟೆಯಲ್ಲಿ ಹತ್ತಿ, ಸೂಜಿಗಳ ಪಕ್ಕ ದಪ್ಪ ನೀಲಿ ಪೆನ್ನೊಂದು ಇತ್ತು.

“ಏನಂತೆ?” ಎಂದಳು ಹೆಂಡತಿ.

“ಏನಿಲ್ಲ. ರೂಲ್ಸು.”

ಅವಳು ಗಡಿಯಾರದ ಕಡೆ ನೋಡಿದಳು. ಅದು ಅವಳ ಹಳೆಯ ಚಾಳಿ. ಮೇಷ್ಟರು ಅದಕ್ಕೆ ಎಂದೂ ಅರ್ಥ ಹುಡುಕಿದವರಲ್ಲ.

ನರ್ಸು ಚಕ್ರದ ಸ್ಟ್ಯಾಂಡಿನ ಮೇಲೆ ಒಂದು ಫೋನನ್ನು ತಳ್ಳಿಕೊಂಡು ಬಂದಳು. ಅದಕ್ಕೆ ಎರಡು ರಿಸೀವರುಗಳಿದ್ದವು, ಎಡಕ್ಕೊಂದು ಬಲಕ್ಕೊಂದು. ಒಂದು ಡಾಕ್ಟರಿಗೆ, ಒಂದು ರೋಗಿಗೆ. ಮೂರನೆಯದಕ್ಕೆ ಅದನ್ನು ಮಾಡಿದವನು ಜಾಗವನ್ನೇ ಬಿಟ್ಟಿರಲಿಲ್ಲ. ಕೋಣೆಯ ಒಳಗಿನ ಪ್ಲಗ್ಗಿನಲ್ಲಿ ಮಂಚದ ಯಂತ್ರ ಸಿಕ್ಕಿಸಿತ್ತಾದ್ದರಿಂದ ಫೋನಿನ ವೈರನ್ನು ಕಾರಿಡಾರಿನ ಗೋಡೆಗೆ ಎಳೆದು ಹಾಕಿದಳು.

ಭಾಷೆ ಸರಿಯಾಗಿ ಸಿಕ್ಕಿತೇ ಎಂದು ನೋಡಲು ಮೊದಲು ಸ್ಪೀಕರ್ ಒತ್ತಿದಳು. ಕೋಣೆಯ ತುಂಬ ತಾಯಿನುಡಿ ಕೇಳಿಸಿತು. ನಡುವಯಸ್ಸಿನ ಹೆಂಗಸಿನ ದನಿ, ಅವಸರವಿಲ್ಲದ್ದು.

“ನಮಸ್ಕಾರ. ನಾನು ದುಭಾಷಿ, ನಂಬರ್ ನಾನೂರ ಹನ್ನೆರಡು. ನೀವು ಹೇಳಿದ್ದನ್ನ ಹೇಳಿದ ಹಾಗೇ ಆ ಕಡೆ ಹೇಳ್ತೀನಿ. ಏನೂ ಸೇರಿಸಲ್ಲ, ಏನೂ ಬಿಡಲ್ಲ.”

ಹೆಂಡತಿಯ ಮುಖ ಅರಳಿತು. “ನಮಸ್ಕಾರ,” ಎಂದಳು. “ನಾನು ಹದಿನೇಳು. ಟ್ರಂಕ್ ಬೋರ್ಡು. ಇಪ್ಪತ್ತೆಂಟು ವರ್ಷ ಸರ್ವೀಸು.” ನಕ್ಕಳು. ಆ ಕಡೆಯ ದನಿಯೂ ನಕ್ಕಿತು.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ನಾದಿನಿ ಅವಳಿಗೆ ಟ್ರಂಕಾಲಮ್ಮ ಎಂದೇ ಹೆಸರಿಟ್ಟಿದ್ದಳು. ಎರಡು ಊರುಗಳ ನಡುವೆ ವೈರು ಸಿಕ್ಕಿಸಿ, ‘ಮಾತಾಡಿ’ ಎಂದು ಹೇಳಿ, ತಾನು ಹೊರಗೆ ಬಂದುಬಿಡುವ ಕೆಲಸ. ಅದನ್ನು ಮೇಷ್ಟರು ಸ್ನೇಹಿತರ ಎದುರಿಗೆ ‘ನಮ್ಮ ಮನೆಯಲ್ಲೂ ಒಬ್ಬರು ಭಾಷೆಗೆ ಸಂಬಂಧಪಟ್ಟ ಕೆಲಸದಲ್ಲಿದ್ದಾರೆ’ ಎಂದು ತಮಾಷೆ ಮಾಡುತ್ತಿದ್ದರು. ಈಗ ಅವಳು ಯಾರೂ ಹೇಳಿಕೊಡದೆ ರಿಸೀವರನ್ನು ಎತ್ತಿಕೊಂಡು, ವೈರನ್ನು ತೋಳಿನ ಮೇಲೆ ಹಾಕಿಕೊಂಡು, ನೆಟ್ಟಗೆ ಕೂತಳು. ಈ ದೇಶಕ್ಕೆ ಬಂದ ಹನ್ನೊಂದು ದಿನಗಳಲ್ಲಿ ಅವಳು ಇಷ್ಟು ಆರಾಮವಾಗಿ ಕೂತಿದ್ದನ್ನು ಮೇಷ್ಟರು ನೋಡಿರಲಿಲ್ಲ.

ಏನೂ ಬಿಡಲ್ಲ ಎಂದಿತ್ತು ಆ ದನಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಮೇಷ್ಟರ ಕೈ ತಾನಾಗಿ ಕಿಸೆಗೆ ಹೋಯಿತು. ಕಿಸೆಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು.

“ಹೊರಗೆ,” ಎಂದಳು ನರ್ಸು.

ಕಾರಿಡಾರಿನಲ್ಲಿ ಬಾಗಿಲ ಪಕ್ಕ ಕುರ್ಚಿಯೊಂದಿತ್ತು. ನರ್ಸು ಬಾಗಿಲನ್ನು ಎಳೆದುಕೊಂಡಳು. ಹೊಸ್ತಿಲ ಮೇಲೆ ಫೋನಿನ ವೈರು ಹಾದಿದ್ದರಿಂದ ನಾಲ್ಕು ಬೆರಳು ಸಂದಿ ಉಳಿಯಿತು. ಮೇಷ್ಟರು ಆ ಸಂದಿಯನ್ನು ನೋಡಿದರು, ಕುರ್ಚಿಯನ್ನೂ ನೋಡಿದರು. ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದು ಕೂತರು.

ಮೂರು ದಿನದ ಹಿಂದೆ ಸರ್ಜನ್ನರ ಕೋಣೆಯಲ್ಲಿ ನಡೆದದ್ದು ಇಷ್ಟು. ಮೇಜಿನ ಆಚೆ ಸರ್ಜನ್, ಈಚೆ ಮೇಷ್ಟರು, ಮೇಷ್ಟರ ಎಡಕ್ಕೆ ಹೆಂಡತಿ. ಸರ್ಜನ್ ತಲೆಯ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಗಂಟು ತೋರಿಸಿದರು. ಗೋಲಿಯಷ್ಟಿತ್ತು, ಬಲಗಿವಿಯ ನರದ ಮೇಲೇ ಕೂತಿತ್ತು. ತೆಗೆದರೆ ಅದರ ಜೊತೆ ನರವೂ ಹೋಗುತ್ತದೆ, ಆ ಕಿವಿ ಮತ್ತೆ ಕೇಳುವುದಿಲ್ಲ. ತೆಗೆಯದೆ ಕಾಯಲೂಬಹುದು. ಆರಾರು ತಿಂಗಳಿಗೆ ಚಿತ್ರ ತೆಗೆದು ನೋಡುತ್ತ ಒಂದು ವರ್ಷವೋ ಮೂರು ವರ್ಷವೋ ತಳ್ಳಬಹುದು. ಆಮೇಲೆ ಗಂಟು ಮಿದುಳಿನ ಕಾಂಡವನ್ನು ಒತ್ತತೊಡಗಿದರೆ ಕೈಮೀರಲೂಬಹುದು. ಮೇಷ್ಟರು ಒಂದು ಪದವನ್ನೂ ಕೆಳಗೆ ಬೀಳಲು ಬಿಡಲಿಲ್ಲ. ಇಷ್ಟು ವೇಗದ ಮಾತು ತಮಗೆ ತಿಳಿಯುತ್ತಿದೆಯಲ್ಲ ಎಂದು ಒಳಗೊಳಗೆ ಹಿಗ್ಗುತ್ತಲೂ ಇದ್ದರು.

ಆಗ ಸರ್ಜನ್ ಹೇಳಿದರು: “ಎಡಗಿವಿ ಚಿಕ್ಕಂದಿನಲ್ಲೇ ಸತ್ತಿದೆ. ಅದು ನಿಮಗೆ ಗೊತ್ತೇ ಇದೆ. ಅಂದರೆ ಇವರು ಪೂರ್ತಿ ಕಿವುಡಾಗುತ್ತಾರೆ. ಕಿವಿಗೆ ಹಾಕುವ ಯಂತ್ರವೂ ಕೆಲಸಕ್ಕೆ ಬರುವುದಿಲ್ಲ. ಕೇಳಿ ಹೇಳಿ, ಯಾವುದು ಬೇಕೆಂದು.”

ಮೇಷ್ಟರಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು. ಗೊತ್ತಿಲ್ಲ ಎಂದು ಬಿಟ್ಟರೆ ಈ ಪರದೇಶಿ ತಮ್ಮನ್ನು ಏನೆಂದು ತಿಳಿದಾನು? ಅವರು ತಲೆಯಾಡಿಸಿದರು. ತಲೆಯಾಡಿಸಿದ್ದು ಸಾಲದೆ, “ಹೌದು ಪಾಪ, ಚಿಕ್ಕಂದಿನಿಂದ,” ಎಂದೂ ಸೇರಿಸಿದರು.

ಆ ತಲೆಯಾಡಿಸುವಿಕೆಯೇ ಎಲ್ಲಕ್ಕೂ ಮೂಲವಾಯಿತು. ಗೊತ್ತಿದೆ ಎಂದು ಒಪ್ಪಿಕೊಂಡ ಮೇಲೆ ಅಲ್ಲೇ ಹೆಂಡತಿಯ ಕಡೆ ತಿರುಗಿ ‘ನಿನ್ನ ಎಡಗಿವಿ ಕೇಳಲ್ವಾ’ ಎಂದು ಕೇಳುವುದು ಹೇಗೆ? ಅದನ್ನು ಕೇಳದೆ ಮಿಕ್ಕದ್ದನ್ನು ಹೇಳುವುದು ಹೇಗೆ? ಹೇಳಿದರೆ ಅವಳು ಕಾಯೋಣ ಅಂದಾಳು. ಕಾಯುತ್ತ ಸತ್ತುಹೋದಾಳು. ಕಿವಿ ಹೋದರೆ ಹೋಗಲಿ, ಜೀವ ಉಳಿಯಲಿ. ಹೀಗೆ ಅವಳ ಪರವಾಗಿ ತಾವೇ ಯೋಚಿಸಿ, ತಾವೇ ವಾದಿಸಿ, ತಾವೇ ಸೋತು, “ಆಪರೇಷನ್ ಮಾಡಿ,” ಎಂದುಬಿಟ್ಟರು. ಅದರಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ. ಮೂವತ್ತೊಂದು ವರ್ಷ ಮುಚ್ಚಿಟ್ಟಳಲ್ಲ ಎಂಬ ಸಿಟ್ಟೂ ಇತ್ತು.

“ಸಣ್ಣ ಗಂಟಂತೆ. ತೆಗೀತಾರೆ. ನಾಲ್ಕು ದಿನಕ್ಕೆ ಎದ್ದು ಓಡಾಡ್ತೀಯ,” ಎಂದು ಅವಳಿಗೆ ಹೇಳಿದರು.

“ಅಷ್ಟೇನಾ?”

“ಅಷ್ಟೇ.”

ಆಗಲೂ ಅವಳು ಗಡಿಯಾರ ನೋಡಿದ್ದಳು.

ಉಳಿದದ್ದನ್ನು ಆಮೇಲೆ ಹೇಳಿದರಾಯಿತು ಎಂದು ಮೇಷ್ಟರು ಅಂದುಕೊಂಡಿದ್ದರು. ಕಿವಿ ಹೋದ ಮೇಲೆ ಹೇಳುವುದು ಹೇಗೆ ಎಂಬುದು ಹೊಳೆದದ್ದು ವಸತಿಗೃಹಕ್ಕೆ ಮರಳಿದ ಮೇಲೆ. ಅದಕ್ಕಾಗಿಯೇ ಕಿಸೆಯ ಕಾಗದ. ನಿನ್ನೆ ಮಧ್ಯಾಹ್ನ ಅವಳು ಮಲಗಿದ್ದಾಗ ಕೂತು ಬರೆದದ್ದು. ಒಳ್ಳೆಯ ಗದ್ಯವಾಗಿತ್ತು. ಮೊದಲ ಸಾಲಿನಲ್ಲಿ ಅವಳನ್ನು ಏನೆಂದು ಸಂಬೋಧಿಸುವುದು ಎಂಬುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಮನೆಯಲ್ಲಿ ‘ಇವಳೇ’ ಎಂದು ಕರೆದವರಿಗೆ ಕಾಗದದಲ್ಲಿ ಏನು ಬರೆಯಬೇಕೋ ತೋಚದೆ ಸಂಬೋಧನೆಯನ್ನೇ ಬಿಟ್ಟು ಶುರುಮಾಡಿದ್ದರು.

ಮಂಡಿಯ ಮೇಲೆ ನೀಲಿ ಬಾಣ ಹಾಕಿಸಿಕೊಂಡ ಮುದುಕನೊಬ್ಬನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ಹುಡುಗರು ಬಹುಮಾನ ತೋರಿಸುವ ಹಾಗೆ ಅವನು ಮೇಷ್ಟರಿಗೆ ಮಂಡಿ ತೋರಿಸಿ ನಕ್ಕ. ಅವನ ಹಿಂದೆಯೇ ಸರ್ಜನ್ ಬಂದರು. ಮೇಷ್ಟರು ಎದ್ದು ನಿಂತು ನಮಸ್ಕರಿಸಿದರು. ಸರ್ಜನ್ ಒಮ್ಮೆ ಅವರ ಮುಖ ನೋಡಿ, ಏನೂ ಹೇಳದೆ, ವೈರನ್ನು ದಾಟಿ ಒಳಗೆ ಹೋದರು.

ಒಳಗೆ ಹೆಂಡತಿಯ ಮಾತು ಶುರುವಾಯಿತು. ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಪಕ್ಕದ ಬೋರ್ಡಿನವಳಿಗೆ ತೊಂದರೆಯಾಗದ ಹಾಗೆ ಬಾಯಿಯ ಬಳಿಯೇ ಮಾತಾಡುವುದು ಅವಳ ಕಸುಬಿನ ಅಭ್ಯಾಸ. ದುಭಾಷಿಯ ದನಿ ರಿಸೀವರಿನ ಒಳಗೇ ಉಳಿಯಿತು. ಸರ್ಜನ್ನರದು ಮಾತ್ರ ದೊಡ್ಡ ಗಂಟಲು. ಇಲ್ಲಿನ ರೂಢಿಯಂತೆ ಅವರು ರೋಗಿ ಹೇಳಿದ್ದನ್ನೆಲ್ಲ ತಾವೊಮ್ಮೆ ಹೇಳಿ, ಸರಿಯೇ ಎಂದು ಕೇಳಬೇಕು, ನರ್ಸು ಬರೆದುಕೊಳ್ಳಬೇಕು.

ಹೀಗಾಗಿ ಮೇಷ್ಟರು ತಮ್ಮ ಹೆಂಡತಿಯ ಮಾತನ್ನು ಪರಭಾಷೆಯಲ್ಲಿ ಕೇಳತೊಡಗಿದರು.

“ಗಂಟು ಸಣ್ಣದು. ನಾಳೆ ತೆಗೆಯುತ್ತಾರೆ. ನಾಲ್ಕು ದಿನಕ್ಕೆ ಓಡಾಡುತ್ತೀರಿ. ಇಷ್ಟು ಗಂಡ ಹೇಳಿದರು. ಸರಿಯೇ?”

ಸರಿಯಿತ್ತು. ವಾಕ್ಯಗಳು ಸರಳವಾಗಿದ್ದವು, ಮೊದಲ ವರ್ಷದವರಿಗೆ ಉಕ್ತಲೇಖನಕ್ಕೆ ಕೊಡುವಂಥವು. ಆಮೇಲೆ ಸರ್ಜನ್ ತಮ್ಮ ಕಡೆಯಿಂದ ಹೇಳಿದರು. ಮೂರು ದಿನದ ಹಿಂದೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ. ಗೋಲಿಯಷ್ಟು ಗಂಟು. ನರ. ಕಾಯುವುದಾದರೆ ಹೀಗೆ, ತೆಗೆಯುವುದಾದರೆ ಹೀಗೆ. ತೆಗೆದ ಮೇಲೆ ನಿಮಗೆ ಏನೂ ಕೇಳಿಸುವುದಿಲ್ಲ, ನಿಮ್ಮ ದನಿಯೂ ಕೂಡ.

ಮೇಷ್ಟರು ಕಣ್ಣು ಮುಚ್ಚಿಕೊಂಡು ಅವಳ ಅಳುವಿಗೆ ಕಾದರು. ಅಳು ಬಂದರೆ ಎದ್ದು ಒಳಗೆ ಓಡಬಹುದಿತ್ತು. ಅಳುವ ಹೆಂಡತಿಯ ಬಳಿ ಹೋಗದಂತೆ ತಡೆಯುವ ಕಟ್ಟಳೆ ಯಾವ ದೇಶದಲ್ಲೂ ಇರಲಾರದು.

ಅಳು ಬರಲಿಲ್ಲ. ಅವಳು ಸಣ್ಣ ದನಿಯಲ್ಲಿ ಏನೋ ಹೇಳಿದಳು. ಸರ್ಜನ್ ಅದನ್ನು ತಿರುಗಿ ಹೇಳಿದರು.

“ಇದು ನಿಮಗೆ ಗೊತ್ತಿತ್ತು. ಸರಿಯೇ?”

ಮತ್ತೆ ಅವಳ ದನಿ.

“ಅವತ್ತು ನಾನು ಒಂಬತ್ತು ನಿಮಿಷ ಮಾತಾಡಿದೆ. ಮೂರು ನಿಮಿಷಕ್ಕೊಂದು ಎನ್ನುವ ನಿಮ್ಮ ಟ್ರಂಕ್ ಲೆಕ್ಕದಲ್ಲಿ ಅದು ಮೂರು ಕಾಲ್. ಗಂಡ ನಿಮಗೆ ಹೇಳಿದ್ದು ಅರ್ಧ ನಿಮಿಷವೂ ಇಲ್ಲ. ಮಿಕ್ಕದ್ದು ಅವರಲ್ಲೇ ಉಳಿದಿದೆ ಎಂದು ನಿಮಗೆ ಆಗಲೇ ತಿಳಿಯಿತು. ಸರಿಯೇ?”

ಮೇಷ್ಟರು ಬಾಗಿಲ ಸಂದಿಯ ಕಡೆ ಇನ್ನಷ್ಟು ಬಾಗಿದರು.

“ಉಳಿದದ್ದು ಕಿವಿಯ ವಿಚಾರ ಎಂದು ಹೇಗೆ ತಿಳಿಯಿತೆಂದರೆ, ಅವತ್ತಿನಿಂದ ಅವರು ನಿಮ್ಮ ಎಡಗಡೆಗೆ ಬಂದು ಬಂದು ಸಣ್ಣಗೆ ಕರೆದು ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ಚಮಚ ಬೀಳಿಸಿದರು. ಕಣ್ಣಂಚಿನಲ್ಲಿ ನೀವು ನೋಡಿದಿರಿ. ತಿರುಗಲಿಲ್ಲ. ಸರಿಯೇ?”

ಚಮಚದ ಮಾತು ನಿಜ. ಅದನ್ನು ಬೀಳಿಸಿ, ಅವಳು ತಿರುಗದ್ದನ್ನು ನೋಡಿ, ಮೇಷ್ಟರು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದರು. ಪರೀಕ್ಷೆ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬುದು ಈಗ ತಿರುವುಮುರುವಾಗಿತ್ತು.

ಅವರನ್ನೇ ಏಕೆ ಕೇಳಲಿಲ್ಲ ಎಂದು ಸರ್ಜನ್ ಕೇಳಿದರು. ಉತ್ತರ ಉದ್ದವಾಗಿತ್ತು. ಸರ್ಜನ್ನರ ಬಾಯಲ್ಲಿ ಅದು ಚಿಕ್ಕದಾಗಿ ಹೊರಬಂತು. “ಲೈನಿನಲ್ಲಿ ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಅದು ನಿಮ್ಮ ಕೆಲಸದ ಮೊದಲ ಪಾಠ. ಅದೂ ಅಲ್ಲದೆ, ಪರಭಾಷೆಯಲ್ಲಿ ಮಾತಾಡುವಾಗ ಅವರು ಬಹಳ ಸಂತೋಷವಾಗಿದ್ದರು. ಸರಿಯೇ?”

ಮೇಷ್ಟರು ಆ ವಾಕ್ಯವನ್ನು ಮನಸ್ಸಿನಲ್ಲೇ ಮನೆಮಾತಿಗೆ ತಿರುಗಿಸಿ ನೋಡಿದರು. ಅವಳು ಏನೆಂದು ಹೇಳಿರಬಹುದು? ‘ಖುಷಿಯಾಗಿದ್ರು’ ಅಂದಳೇ? ‘ಪಾಪ’ ಅಂದಳೇ? ಎಷ್ಟು ತಿರುಗಿಸಿದರೂ ಅವಳ ಬಾಯಿಗೆ ಕೂರುವ ಮಾತು ಸಿಗಲಿಲ್ಲ. ಅವಳು ತನ್ನ ಬಗ್ಗೆ ಇಷ್ಟು ಮಾತಾಡಿದ್ದನ್ನು ಅವರು ಯಾವ ಭಾಷೆಯಲ್ಲೂ ಕೇಳಿದವರಲ್ಲ.

ಎಡಗಿವಿಯ ವಿಚಾರ ಬಂತು. ಹನ್ನೊಂದನೇ ವಯಸ್ಸಿಗೆ ಕೀವು ತುಂಬಿ ಹೋದದ್ದು. ಹೇಳಿದರೆ ಕೆಲಸ ಸಿಗುವುದಿಲ್ಲ, ಮದುವೆಯೂ ಆಗುವುದಿಲ್ಲ ಎಂದು ಅವಳ ತಾಯಿ ಬಾಯಿಗೆ ಬೀಗ ಹಾಕಿದ್ದಳು. ರಸ್ತೆಯಲ್ಲಿ, ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಗಂಡ ಬಲಕ್ಕೆ ಬರುವ ಹಾಗೆ ನೋಡಿಕೊಂಡರೆ ಸಾಕಾಗುತ್ತಿತ್ತು.

ಎಲ್ಲಿಗೆ ಹೋದರೂ ತಮ್ಮ ಎಡಕ್ಕೆ ಬಂದು ನಿಲ್ಲುತ್ತಿದ್ದ ಹೆಂಡತಿಯನ್ನು ಮೇಷ್ಟರು ನೆನೆದರು. ಅದನ್ನು ಅವರು ವಿನಯ ಎಂದುಕೊಂಡಿದ್ದರು. ಈ ಕಾಲದಲ್ಲಿ ಇಂಥವರು ಅಪರೂಪ ಎಂದು ಒಂದೆರಡು ಸಲ ಹೊಗಳಿದ್ದೂ ಉಂಟು. ಅವಳು ನಾಚಿಕೊಂಡಿದ್ದಳು.

“ಮನೆಯಲ್ಲಿ ಯಾವತ್ತೂ ತೊಂದರೆಯಾಗಲಿಲ್ಲವೇ?” ಎಂದು ಸರ್ಜನ್ ಕೇಳಿದರು. ಅವಳು ಹೇಳಿದಳು. ಈ ಸಲ ಸರ್ಜನ್ ನಕ್ಕೇಬಿಟ್ಟರು. ಒಳ್ಳೆಯ ನಗು, ಜೊತೆಗೆ ನರ್ಸಿನದೂ ಸೇರಿತು.

“ಅನುಕೂಲವೇ ಆಯಿತು. ಗಂಡನಿಗೆ ಮಲಗುವಾಗ ಮಾತಾಡುವ ಅಭ್ಯಾಸ. ಕಾಲೇಜು, ಪಾಠ, ಯಾರು ಏನಂದರು ಅದೆಲ್ಲ. ದಿನವಿಡೀ ಜನರ ಮಾತು ಕೇಳಿ ಬಂದಿರುತ್ತಿದ್ದ ನೀವು, ಅವರ ಕಡೆಗೇ ಮುಖ ಮಾಡಿ, ಒಳ್ಳೆಯ ಕಿವಿಯನ್ನು ದಿಂಬಿಗಿಟ್ಟು ಮಲಗುತ್ತಿದ್ದಿರಿ. ಸರಿಯೇ?”

ಸರಿ ಎಂದಳು. ಅದೊಂದು ಪದ ಹೊರಗೂ ಕೇಳಿಸಿತು.

ಮೇಷ್ಟರ ಪಾಲಿಗೆ ಅದು ಇಡೀ ದಾಂಪತ್ಯದ ಸಾರವಾಗಿತ್ತು. ತಮ್ಮ ಕಡೆ ಮುಖ ಮಾಡಿ, ಕಣ್ಣು ಅರ್ಧ ಮುಚ್ಚಿ, ಮಗುವಿನ ಹಾಗೆ ಕೇಳುತ್ತಿದ್ದ ಆ ಮುಖ. ಪ್ರಿನ್ಸಿಪಾಲರ ಮೇಲಿನ ಸಿಟ್ಟು, ಬರೆಯಲಾಗದೆ ಉಳಿದ ಪುಸ್ತಕ, ಮಕ್ಕಳಾಗದ ಕೊರಗು, ಅಪ್ಪ ಸತ್ತಾಗ ಅಳು ಬಾರದೆ ಇದ್ದದ್ದು, ಎಲ್ಲವನ್ನೂ ಅವರು ಆ ಮುಖಕ್ಕೆ ಹೇಳಿಕೊಂಡಿದ್ದರು. ಅವಳು ತಿರುಗಿ ಮಾತಾಡದ್ದನ್ನು ಒಪ್ಪಿಗೆ ಎಂದುಕೊಂಡಿದ್ದರು. ದಡ್ಡ ಹುಡುಗರಿಗೆ ಪಾಠ ಮಾಡುವಾಗಲೆಲ್ಲ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಬೈಯುತ್ತಿದ್ದರಲ್ಲ, ಹಾಗೆ ಬೈದು ಮನೆಗೆ ಬಂದು ಮೂವತ್ತೊಂದು ವರ್ಷ ಅವರು ಮಾಡಿದ್ದೂ ಅದನ್ನೇ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ತಾವು ಹೇಳಿದ್ದೆಲ್ಲ ಹಾಗಾದರೆ ಎಲ್ಲಿ ಹೋಯಿತು ಎಂದು.

“ಈ ಕಿವಿಯ ವಿಚಾರ ಇನ್ನು ಯಾರಿಗೆ ಗೊತ್ತು?” ಸರ್ಜನ್ ಕೇಳುತ್ತಿದ್ದರು. “ನಾಳೆ ನೀವು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ನಿಮ್ಮ ಪರವಾಗಿ ನಾವು ಯಾರನ್ನು ಕೇಳಬೇಕು?”

ಮೇಷ್ಟರು ಅಂಗಿಯ ಕಾಲರು ಸರಿಮಾಡಿಕೊಂಡರು. ಇದಕ್ಕೆ ಉತ್ತರ ಅವರಿಗೆ ಗೊತ್ತಿತ್ತು. ಕರೆದರೆ ಎದ್ದು ಹೋಗಲು ಸಿದ್ಧರಾದರು.

“ಹನ್ನೊಂದು,” ಎಂದರು ಸರ್ಜನ್. “ಇದು ಹೆಸರೇ? ಓ, ನಂಬರು. ಇಪ್ಪತ್ತೆಂಟು ವರ್ಷ ನಿಮ್ಮ ಎಡಗಡೆಯ ಬೋರ್ಡಿನಲ್ಲಿ ಕೂತವಳು. ಆ ಕಡೆಯಿಂದ ಯಾರು ಕರೆದರೂ ನಿಮ್ಮ ಭುಜ ತಟ್ಟುತ್ತಿದ್ದವಳು. ಅವಳನ್ನು ಕೇಳಬೇಕು. ಸರಿಯೇ? ಅವಳ ಫೋನ್ ನಂಬರು?”

ಹೆಂಡತಿ ತಡವರಿಸದೆ ಅಂಕಿ ಅಂಕಿಯಾಗಿ ಹೇಳತೊಡಗಿದಳು. ಮೇಷ್ಟರಿಗೆ ಆ ಹನ್ನೊಂದು ನೆನಪಿಗೆ ಬಂದಳು. ದಪ್ಪನೆಯ ಹೆಂಗಸು, ಗಟ್ಟಿ ನಗು, ಎರಡು ಸಲ ಮನೆಗೆ ಬಂದಿದ್ದಳು. ಅವಳು ಹೋದ ಮೇಲೆ ಅವರು, “ನಿನ್ನ ಸ್ನೇಹಿತೆಗೆ ಸ್ವಲ್ಪ ಸಂಸ್ಕಾರ ಕಡಿಮೆ,” ಎಂದಿದ್ದರು. ಆಮೇಲೆ ಅವಳು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವರು ಕೇಳಲೂ ಇಲ್ಲ.

“ಈಗ ಕೊನೆಯದು,” ಎಂದರು ಸರ್ಜನ್. “ತೆಗೆಯುವುದೋ, ಕಾಯುವುದೋ? ಅವಸರವಿಲ್ಲ. ಯೋಚಿಸಿ ಹೇಳಿ.”

ಮೇಷ್ಟರು ತಮಗೇ 	ತಿಳಿಯದ ಹಾಗೆ ಎದ್ದು ಬಾಗಿಲ ಸಂದಿಗೆ ಬಂದಿದ್ದರು. ಎದುರಿಗೇ ನರ್ಸು ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಗದರಲಿಲ್ಲ. ಮಂಚದ ಯಂತ್ರದ ಪ್ಲಗ್ಗು ಕಿತ್ತು, ಕಾರಿಡಾರಿಗೆ ಬಗ್ಗಿ ಫೋನಿನ ವೈರನ್ನು ಒಳಗೆ ಎಳೆದುಕೊಂಡು, ಅಲ್ಲಿ ಸಿಕ್ಕಿಸಿ, ದುಭಾಷಿಯ ಲೈನನ್ನು ಮತ್ತೆ ಕೂಡಿಸಿ, ಬಾಗಿಲು ಮುಚ್ಚಿದಳು. ಒಳ್ಳೆಯ ಬಾಗಿಲು. ಮುಚ್ಚಿದ ಮೇಲೆ ಒಂದು ಪಿಸುಮಾತೂ ಹೊರಗೆ ಬರಲಿಲ್ಲ.

ಹನ್ನೆರಡು ನಿಮಿಷ ಹಿಡಿಯಿತು. ಮೇಷ್ಟರು ಕಾರಿಡಾರಿನ ಗಡಿಯಾರ ನೋಡುತ್ತಿದ್ದರು. ನಾಲ್ಕು ಕಾಲ್.

ಸರ್ಜನ್ ಹೊರಬಂದರು. ಹಿಂದೆ ನರ್ಸು, ಅವಳ ಹಿಂದೆ ಚಕ್ರದ ಮೇಲೆ ಫೋನು, ಎರಡು ರಿಸೀವರುಗಳೂ ತಮ್ಮ ತಮ್ಮ ಜಾಗದಲ್ಲಿ. ತಟ್ಟೆಯ ಮೇಲೆ ಬಟ್ಟೆ ಮುಚ್ಚಿತ್ತು. ನೀಲಿ ಪೆನ್ನು ಬಳಸಿದ್ದರೋ ಇಲ್ಲವೋ ಕಾಣಿಸಲಿಲ್ಲ.

“ಏನು ಹೇಳಿದಳು?” ಎಂದರು ಮೇಷ್ಟರು. ಗಾಬರಿಯಲ್ಲಿ ಮನೆಮಾತಿನಲ್ಲೇ ಕೇಳಿಬಿಟ್ಟಿದ್ದರು. ಸರಿಪಡಿಸಿಕೊಂಡು ಇನ್ನೊಮ್ಮೆ ಕೇಳಿದರು.

“ಅವರನ್ನೇ ಕೇಳಿ,” ಎಂದರು ಸರ್ಜನ್. “ನೀವಿಬ್ಬರೂ ಒಂದೇ ಭಾಷೆಯವರಲ್ಲವೇ?” ಅವರು ಅದನ್ನು ಚುಚ್ಚಲೆಂದು ಹೇಳಿದಂತಿರಲಿಲ್ಲ. ಕೈಗಡಿಯಾರ ನೋಡಿಕೊಂಡು ಮುಂದೆ ನಡೆದರು.

ಒಳಗೆ ಸಂಜೆಯ ಬಿಸಿಲು ಮಂಚದವರೆಗೆ ಬಂದಿತ್ತು. ಹೆಂಡತಿ ಮಲಗಿದ್ದಳು. ಬಲಮಗ್ಗುಲಾಗಿ, ಬಲಗಿವಿಯನ್ನು ದಿಂಬಿಗಿಟ್ಟು, ಕುರ್ಚಿಯ ಕಡೆಗೆ ಮುಖ ಮಾಡಿ. ಕಣ್ಣು ಅರ್ಧ ಮುಚ್ಚಿತ್ತು. ಅದೇ ಮುಖ.

ಮೇಷ್ಟರು ಕುರ್ಚಿಯಲ್ಲಿ ಕೂತರು. ಬಾಣವಿದ್ದರೆ ಅದು ಬಲಗಡೆ, ಕಿವಿಯ ಕೆಳಗೆ, ಅಂದರೆ ಈಗ ದಿಂಬಿನ ಒಳಗಿತ್ತು. ಇರದಿದ್ದರೆ ಅಲ್ಲಿ ಏನೂ ಇರಲಿಲ್ಲ. ಮೇಲಕ್ಕೆ ಕಾಣುತ್ತಿದ್ದದ್ದು ಎಡಗಿವಿ. ಅವರು ಅದನ್ನು ಮೊದಲ ಸಲ ನೋಡುವವರಂತೆ ನೋಡಿದರು. ಓಲೆ ಬಿಚ್ಚಿದ್ದರು, ತೂತು ಸ್ವಲ್ಪ ಇಳಿದಿತ್ತು. ನೋಡಲು ಎಲ್ಲರ ಕಿವಿಯ ಹಾಗೇ ಇತ್ತು.

“ಇವಳೇ,” ಎಂದರು.

ಅವಳು ಅಲುಗಲಿಲ್ಲ.

ಆಗ ಅವರು ಹೇಳಿದರು. ತನಗೆ ಎಡಗಿವಿಯ ವಿಚಾರ ಗೊತ್ತಿರಲಿಲ್ಲವೆಂದು, ಗೊತ್ತಿದೆ ಎಂದು ತಲೆಯಾಡಿಸಿದೆನೆಂದು, ಆಯ್ಕೆ ಅವಳದಾಗಿತ್ತು, ತಾನು ಕಿತ್ತುಕೊಂಡೆನೆಂದು. ಚಮಚ ಬೀಳಿಸಿದ್ದನ್ನು ಹೇಳಿದರು, ಬಾಗಿಲ ಸಂದಿಯಲ್ಲಿ ಕದ್ದು ಕೇಳಿದ್ದನ್ನೂ ಹೇಳಿದರು. ಕಾಗದ ತೆಗೆದು ನೋಡಿ, ಅದರಲ್ಲಿ ಇದಾವುದೂ ಇಲ್ಲವೆಂದು ಕಂಡು, ಮಡಿಚಿಕೊಂಡರು. ಬದುಕಿನಲ್ಲಿ ಎಂದೂ ಅಷ್ಟು ನೇರವಾಗಿ, ಅಷ್ಟು ಕೆಟ್ಟ ವಾಕ್ಯಗಳಲ್ಲಿ ಅವರು ಮಾತಾಡಿರಲಿಲ್ಲ. ಕೊನೆಗೆ, “ನಾಳೆ ಏನು ಮಾಡ್ತೀಯ? ನನಗೊಂದು ಮಾತು ಹೇಳು,” ಎಂದು ಕೇಳಿದರು.

ಗೋಡೆ ಗಡಿಯಾರದಲ್ಲಿ ಮೂರು ನಿಮಿಷ ಕಳೆದಿತ್ತು.

ಅವಳ ಕಣ್ಣು ತೆರೆಯಿತು. ದಿಂಬಿನಿಂದ ತಲೆ ಎತ್ತಿದಳು. “ಏನಾದ್ರೂ ಹೇಳಿದ್ರಾ?” ಎಂದಳು.

ಅವಳ ಕತ್ತು ಆಗ ಬಿಸಿಲಿಗೆ ಬಂದಿತ್ತು. ಒಂದು ಕ್ಷಣ ಕಣ್ಣೆತ್ತಿದ್ದರೆ ಸಾಕಿತ್ತು. ಮೇಷ್ಟರು ತಮ್ಮ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು.

“ಏನಿಲ್ಲ,” ಎಂದರು. “ಮಲಕ್ಕೋ.”

ಅವಳು ಅವರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಡಿಯಾರವನ್ನು ನೋಡಿದಳು. ತಲೆಯನ್ನು ಮೊದಲಿದ್ದ ಜಾಗಕ್ಕೇ, ದಿಂಬಿನ ತಗ್ಗಿಗೆ, ಜೋಪಾನವಾಗಿ ಇಳಿಸಿ, ಅವರ ಕಡೆ ಮುಖ ಮಾಡಿ ಕಣ್ಣು ಮುಚ್ಚಿದಳು.

ನರ್ಸು ಬಂದು ಮಂಚದ ಯಂತ್ರದ ಪ್ಲಗ್ಗು ಮತ್ತೆ ಹಾಕಿ, ಭೇಟಿಯ ಸಮಯ ಇನ್ನು ಅರ್ಧ ಗಂಟೆಯಿದೆ ಎಂದು ಹೇಳಿ ಹೋದಳು. ಮೇಷ್ಟರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಆ ಎಡಗಿವಿಯ ಮೇಲೆ ಬಾಗಿ, ಸಣ್ಣ ದನಿಯಲ್ಲಿ, ಪ್ರಿನ್ಸಿಪಾಲರು ರಜೆ ಕೊಡುವಾಗ ಏನಂದರು ಎಂಬುದರಿಂದ ಶುರುಮಾಡಿದರು.